ಇಂಟರ್ನೆಟ್ ಯಾರ ಕೈಯಲ್ಲಿದೆ, ಯಾರ ಕೈಗೆ ಇನ್ನೂ ಸಿಕ್ಕಿಲ್ಲ

2025ರ ಡಿಸೆಂಬರ್ 17ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ದಾಖಲೆಗೆ ಒಪ್ಪಿಗೆ ಕೊಟ್ಟಿತು. ‘ಇಂಟರ್ನೆಟ್ ಆಡಳಿತ ವೇದಿಕೆ’ಯನ್ನು, ಅಂದರೆ ಐಜಿಎಫ್ ಅನ್ನು ಕಾಯಂ ಮಾಡಲಾಗಿದೆ ಎನ್ನುವುದು ಅದರಲ್ಲಿದ್ದ ದೊಡ್ಡ ಸುದ್ದಿ. ಇದನ್ನು ಓದಿದವರಿಗೆ ಎರಡು ಪ್ರಶ್ನೆ ಬರುವುದು ಸಹಜ. ಒಂದು, ಇಂಟರ್ನೆಟ್ ಈಗ ವಿಶ್ವಸಂಸ್ಥೆಯ ಕೈಗೆ ಹೋಯಿತಾ? ಎರಡು, ಅದೇ ದಾಖಲೆ ಡಿಜಿಟಲ್ ಕಂದಕದ, ಅಂದರೆ ಇಂಟರ್ನೆಟ್ ಇರುವವರ ಮತ್ತು ಇಲ್ಲದವರ ನಡುವಿನ ಅಂತರದ ಬಗ್ಗೆಯೂ ಬಹಳ ಮಾತಾಡುತ್ತದೆ. ನೆಟ್‌ವರ್ಕೇ ಸಿಗದ ಹಳ್ಳಿಗೂ, ಇಂಟರ್ನೆಟ್ಟನ್ನು ಯಾರು ನಡೆಸಬೇಕು ಅನ್ನುವ ಜಗಳಕ್ಕೂ ಏನು ಸಂಬಂಧ?

ಮೊದಲನೆಯದಕ್ಕೆ ಉತ್ತರ ಸುಲಭ: ಇಲ್ಲ, ಹೋಗಿಲ್ಲ. ಎರಡನೆಯದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಎರಡು ವಿಷಯಗಳನ್ನು 2003ರಲ್ಲಿ ಒಂದೇ ಗಂಟಿನಲ್ಲಿ ಕಟ್ಟಲಾಯಿತು. 22 ವರ್ಷದ ನಂತರ ಒಂದಕ್ಕೆ ಕಾಯಂ ಜಾಗ ಸಿಕ್ಕಿದೆ. ಇನ್ನೊಂದಕ್ಕೆ ದುಡ್ಡು ಎಲ್ಲಿಂದ ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ.

ಕಾಯಂ ಆಗಿದ್ದು ಮಾತಾಡುವ ಜಾಗ

2003ರಲ್ಲಿ ಜಿನೀವಾದಲ್ಲಿ, 2005ರಲ್ಲಿ ಟ್ಯುನಿಸ್‌ನಲ್ಲಿ ವಿಶ್ವಸಂಸ್ಥೆ ‘ಮಾಹಿತಿ ಸಮಾಜ’ದ ಶೃಂಗಸಭೆ ನಡೆಸಿತು. ಇಂಟರ್ನೆಟ್ಟಿನ ಮೇಲೆ ಅಮೆರಿಕದ ಹಿಡಿತ ಜಾಸ್ತಿ ಎಂಬ ಅಸಮಾಧಾನ ಆಗಲೇ ಇತ್ತು. ಜಿನೀವಾದಲ್ಲಿ ಈ ವಿಷಯ ಬಗೆಹರಿಯಲಿಲ್ಲ. ಆಗಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ 40 ಜನರ ತಂಡವೊಂದನ್ನು ಮಾಡಿದರು. ಅದರ ಅಧ್ಯಕ್ಷರಾಗಿದ್ದವರು ಭಾರತದ ನಿತಿನ್ ದೇಸಾಯಿ. ಆ ತಂಡದ ವರದಿಯ ನಂತರ ಟ್ಯುನಿಸ್‌ನಲ್ಲಿ ರಾಜಿಯಾಯಿತು. ಯಾರ ಅಧಿಕಾರವನ್ನೂ ಕಿತ್ತುಕೊಳ್ಳುವುದು ಬೇಡ, ಆದರೆ ಎಲ್ಲರೂ ಕೂತು ಮಾತಾಡಲು ಒಂದು ಜಾಗ ಇರಲಿ ಎಂದು ಐಜಿಎಫ್ ಹುಟ್ಟಿತು. ಮೊದಲ ಸಭೆ 2006ರಲ್ಲಿ ಅಥೆನ್ಸ್‌ನಲ್ಲಿ ನಡೆಯಿತು. ಮೂರನೆಯದು 2008ರ ಡಿಸೆಂಬರಿನಲ್ಲಿ ನಮ್ಮ ಹೈದರಾಬಾದಿನಲ್ಲೇ ಆಯಿತು.

ಈ ವೇದಿಕೆ ಕಾನೂನು ಮಾಡುವುದಿಲ್ಲ. ಮತ ಹಾಕುವುದಿಲ್ಲ. ಯಾವ ದೇಶಕ್ಕೂ, ಯಾವ ಕಂಪನಿಗೂ ಹೀಗೆ ಮಾಡು ಎಂದು ಹೇಳುವಂತಿಲ್ಲ. ಸರ್ಕಾರಿ ಅಧಿಕಾರಿ, ಎಂಜಿನಿಯರ್, ಕಂಪನಿಯವರು, ಸಂಘಟನೆಗಳವರು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಅಷ್ಟೇ. ಇದರ ಅವಧಿ ಮೊದಲು 5 ವರ್ಷ, ಆಮೇಲೆ ಮತ್ತೆ 5, 2015ರಲ್ಲಿ 10 ವರ್ಷ ಎಂದು ಮುಂದುವರಿಯುತ್ತಾ ಬಂತು. ಪ್ರತಿಸಲವೂ ಇದು ಉಳಿಯುತ್ತದೋ ಇಲ್ಲವೋ ಅನ್ನುವ ಆತಂಕ. ಅದು ಈಗ ಹೋಗಿದೆ.

ಸುಮ್ನೆ ಮಾತಾಡುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನ ಇದೆ, ಅದನ್ನು ಮುಂದೆ ನೈರೋಬಿಯ ಉದಾಹರಣೆಯಲ್ಲಿ ನೋಡೋಣ. ಆದರೆ ಕಾಯಂ ಮಾಡಿದ ಮಾತ್ರಕ್ಕೆ ದುಡ್ಡು ತಾನಾಗಿ ಬರುವುದಿಲ್ಲ. ಜಿನೀವಾದಲ್ಲಿರುವ ಇದರ ಪುಟ್ಟ ಕಚೇರಿ ಇಷ್ಟು ವರ್ಷ ನಡೆದದ್ದು ದೇಣಿಗೆಯಿಂದ. ಬಡ ದೇಶದ ಪ್ರತಿನಿಧಿಗೆ ವಿಮಾನದ ಟಿಕೆಟ್ ಕೊಡಿಸಲು ದುಡ್ಡಿಲ್ಲದಿದ್ದರೆ, ಕೋಣೆಯ ಬಾಗಿಲು ತೆರೆದಿದ್ದೂ ಏನು ಬಂತು?

ವಿಳಾಸದ ಪಟ್ಟಿ ಇರುವುದು ಬೇರೆ ಕಡೆ

ಹಾಗಾದರೆ ಇಂಟರ್ನೆಟ್ಟಿನ ನಿಜವಾದ ಬೀಗದ ಕೈ ಎಲ್ಲಿದೆ? ಪೂರ್ತಿ ಇಂಟರ್ನೆಟ್ಟಿಗೆ ಒಂದೇ ಬೀಗ ಇಲ್ಲ. ಆದರೆ ಬಹಳ ಮುಖ್ಯವಾದ ಒಂದು ಪಟ್ಟಿ ಇದೆ.

ನೀವು ಒಂದು ಜಾಲತಾಣದ ಹೆಸರು ಟೈಪ್ ಮಾಡಿದಾಗ, ಆ ಹೆಸರಿನ ಹಿಂದಿರುವ ಸಂಖ್ಯೆಯನ್ನು ಹುಡುಕಬೇಕಾಗುತ್ತದೆ. ‘ಡಾಟ್ ಇನ್’ ಬಗ್ಗೆ ಯಾರನ್ನು ಕೇಳಬೇಕು, ‘ಡಾಟ್ ಕಾಮ್’ ಬಗ್ಗೆ ಯಾರನ್ನು ಕೇಳಬೇಕು ಎಂದು ಹೇಳುವ ಮೇಲಿನ ಪಟ್ಟಿಗೆ ರೂಟ್ ಎನ್ನುತ್ತಾರೆ. ಇದನ್ನು ಹಂಚುವ ಸರ್ವರುಗಳಿಗೆ 13 ಹೆಸರುಗಳಿವೆ, 12 ಸಂಸ್ಥೆಗಳು ನಡೆಸುತ್ತವೆ. ಪಟ್ಟಿಯ ಉಸ್ತುವಾರಿ ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತವಾದ, ಲಾಭಕ್ಕಲ್ಲದ ಸಂಸ್ಥೆ ಐಕ್ಯಾನ್‌ದು. 1998ರಲ್ಲಿ ಅದು ಹುಟ್ಟುವ ತನಕ ಈ ಕೆಲಸದ ದೊಡ್ಡ ಭಾಗವನ್ನು ಜಾನ್ ಪೋಸ್ಟೆಲ್ ಎಂಬ ಒಬ್ಬ ವಿಜ್ಞಾನಿ ನೋಡಿಕೊಳ್ಳುತ್ತಿದ್ದರು.

ಐಕ್ಯಾನ್ ಬಂದ ಮೇಲೂ ಪಟ್ಟಿಯಲ್ಲಿ ಏನೇ ಬದಲಾದರೂ ಅಮೆರಿಕದ ವಾಣಿಜ್ಯ ಇಲಾಖೆ ನೋಡಿ ಒಪ್ಪಬೇಕಿತ್ತು. ಉಳಿದ ದೇಶಗಳಿಗೆ ಚುಚ್ಚುತ್ತಿದ್ದದ್ದು ಇದೇ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆಯ ದಾಖಲೆಗಳನ್ನು ಹೊರಗೆ ಹಾಕಿದ ಮೇಲೆ ಒತ್ತಡ ಇನ್ನೂ ಜಾಸ್ತಿಯಾಯಿತು. 2014ರಲ್ಲಿ ಅಮೆರಿಕ ಈ ಉಸ್ತುವಾರಿ ಬಿಡುವುದಾಗಿ ಹೇಳಿತು. 2016ರ ಅಕ್ಟೋಬರ್ 1ರಂದು ಬಿಟ್ಟಿತು. ಆದರೆ ಬಿಟ್ಟುಕೊಟ್ಟದ್ದು ವಿಶ್ವಸಂಸ್ಥೆಗಲ್ಲ, ಎಲ್ಲ ವರ್ಗದವರೂ ಸೇರಿ ನಡೆಸುವ ವ್ಯವಸ್ಥೆಗೆ.

ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆ ಬಂದದ್ದು 2022ರಲ್ಲಿ. ರಷ್ಯಾ ದಾಳಿ ಮಾಡಿದಾಗ ಉಕ್ರೇನ್ ಸರ್ಕಾರ ರಷ್ಯಾದ ಹೆಸರಾದ ‘ಡಾಟ್ ಆರ್‌ಯು’ವನ್ನು ಪಟ್ಟಿಯಿಂದ ತೆಗೆಯಿರಿ ಎಂದು ಐಕ್ಯಾನ್‌ಗೆ ಪತ್ರ ಬರೆಯಿತು. ಐಕ್ಯಾನ್ ಒಪ್ಪಲಿಲ್ಲ. ಉಕ್ರೇನಿನ ನೋವು ಯಾರಿಗೂ ಅರ್ಥವಾಗುವಂಥದ್ದು. ಆದರೂ ಈ ನಿರ್ಧಾರ ಸರಿ ಎನ್ನಬೇಕಾಗುತ್ತದೆ. ಒಂದು ಯುದ್ಧದಲ್ಲಿ ಒಂದು ದೇಶವನ್ನು ಪಟ್ಟಿಯಿಂದ ತೆಗೆದರೆ, ನಾಳೆ ಪ್ರತಿ ದೇಶವೂ ತನ್ನದೇ ಪಟ್ಟಿ ಮಾಡಿಕೊಳ್ಳಲು ಶುರು ಮಾಡುತ್ತದೆ. ಆಗ ಒಂದೇ ಹೆಸರು ಮೈಸೂರಿನಲ್ಲಿ ಒಂದು ಕಡೆಗೆ, ಮಾಸ್ಕೋದಲ್ಲಿ ಇನ್ನೊಂದು ಕಡೆಗೆ ಕರೆದೊಯ್ಯಬಹುದು.

ಸರ್ಕಾರಗಳು ಮಾತ್ರವಾ, ಎಲ್ಲರೂನಾ?

ಜಗಳದ ತಿರುಳು ಇದು. ಚೀನಾ, ರಷ್ಯಾದಂಥ ದೇಶಗಳು ಹೇಳುವುದು ಹೀಗೆ: ಇಂಟರ್ನೆಟ್ ಈಗ ವಿದ್ಯುತ್ತಿನಷ್ಟೇ ಮುಖ್ಯ. ಇದರ ತೀರ್ಮಾನ ಸರ್ಕಾರ ಸರ್ಕಾರಗಳ ನಡುವೆ ಆಗಬೇಕು. ಅಮೆರಿಕ, ಯುರೋಪು, ದೊಡ್ಡ ಕಂಪನಿಗಳು, ಅನೇಕ ನಾಗರಿಕ ಸಂಘಟನೆಗಳು ಹೇಳುವುದು ಬೇರೆ: ಇಂಟರ್ನೆಟ್ಟನ್ನು ಕಟ್ಟಿದ್ದು ಸರ್ಕಾರಗಳಷ್ಟೇ ಅಲ್ಲ, ಬರೀ ಸರ್ಕಾರಗಳ ಕೈಗೆ ಕೊಟ್ಟರೆ ಬಾಯಿ ಮುಚ್ಚಿಸುವುದು ಸುಲಭವಾಗುತ್ತದೆ. 2012ರಲ್ಲಿ ದುಬೈನಲ್ಲಿ ದೂರಸಂಪರ್ಕ ಒಪ್ಪಂದವನ್ನು ತಿದ್ದಲು ಹೊರಟಾಗ ಈ ಬಿರುಕು ಎಲ್ಲರಿಗೂ ಕಂಡಿತು. 89 ದೇಶ ಸಹಿ ಹಾಕಿದವು. ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳು ಹಾಕಲಿಲ್ಲ. ಭಾರತವೂ ಅಲ್ಲಿ ಸಹಿ ಹಾಕಲಿಲ್ಲ.

ಭಾರತದ ನಿಲುವು ಬದಲಾದ ಬಗೆ ಗಮನಿಸುವಂಥದ್ದು. 2011ರಲ್ಲಿ ಇಂಟರ್ನೆಟ್ ನೀತಿಗಾಗಿ 50 ದೇಶಗಳ ಸಮಿತಿಯೊಂದನ್ನು ವಿಶ್ವಸಂಸ್ಥೆಯಲ್ಲೇ ಮಾಡೋಣ ಎಂದು ಭಾರತ ಹೇಳಿತ್ತು. 2015ರ ಜೂನ್‌ನಲ್ಲಿ ಬ್ಯೂನಸ್ ಐರಿಸ್‌ನ ಐಕ್ಯಾನ್ ಸಭೆಯ ಹೊತ್ತಿಗೆ ಆಗಿನ ಸಚಿವ ರವಿಶಂಕರ್ ಪ್ರಸಾದ್ ಎಲ್ಲ ವರ್ಗದವರೂ ಸೇರುವ ಮಾದರಿಗೆ ಬೆಂಬಲ ಘೋಷಿಸಿದರು. ದೇಶದ ಐಟಿ ಕಂಪನಿಗಳು, ಎಂಜಿನಿಯರುಗಳು ಆ ಕೋಣೆಯಲ್ಲಿ ಕೂತರೆ ಭಾರತದ ಮಾತಿಗೇ ತೂಕ ಬರುತ್ತದೆ. ಈ ಬದಲಾವಣೆಯಲ್ಲಿ ನ್ಯಾಯ ಇದೆ.

ಹಾಗೆಂದು ಎಲ್ಲರೂ ಸೇರುವ ಮಾದರಿಯಲ್ಲಿ ಎಲ್ಲರ ತೂಕ ಒಂದೇ ಅಂದುಕೊಳ್ಳಬಾರದು. ‘ಡಾಟ್ ಅಮೆಜಾನ್’ ಹೆಸರನ್ನು ಅದೇ ಹೆಸರಿನ ಕಂಪನಿ ಕೇಳಿತು. ಅಮೆಜಾನ್ ನದಿ ಹರಿಯುವ ಬ್ರೆಜಿಲ್, ಪೆರು ಮೊದಲಾದ ದೇಶಗಳು ವಿರೋಧಿಸಿದವು. ಐಕ್ಯಾನ್‌ನಲ್ಲಿರುವ ಸರ್ಕಾರಗಳ ಸಮಿತಿಯೂ 2013ರಲ್ಲಿ ಬೇಡ ಎಂದಿತು. ವರ್ಷಗಟ್ಟಲೆ ಎಳೆದಾಟವಾದ ಮೇಲೆ 2019ರಲ್ಲಿ ತೀರ್ಮಾನ ಕಂಪನಿಯ ಕಡೆಗೇ ಆಯಿತು. ಒಳ್ಳೆಯ ವಕೀಲರು, ಸಮಯ, ದುಡ್ಡು ಇದ್ದವರು ಇಂಥ ಕೋಣೆಯಲ್ಲಿ ಜಾಸ್ತಿ ಹೊತ್ತು ಕೂರಬಲ್ಲರು. ಇಲ್ಲೇ ಆಡಳಿತದ ಪ್ರಶ್ನೆಯ ಒಳಗೆ ಕಂದಕದ ಪ್ರಶ್ನೆ ಬಂದು ಸೇರಿಕೊಳ್ಳುತ್ತದೆ.

ಸೆನೆಗಲ್ ಕೇಳಿದ್ದ ನಿಧಿ

ಜಿನೀವಾ ಸಭೆಯಲ್ಲಿ ಬಡ ದೇಶಗಳು ಬಂದದ್ದು ರೂಟ್ ಪಟ್ಟಿಗಾಗಿ ಮಾತ್ರ ಅಲ್ಲ. ಸೆನೆಗಲ್‌ನ ಆಗಿನ ಅಧ್ಯಕ್ಷ ಅಬ್ದುಲಾಯ್ ವಾದ್ ಒಂದು ಡಿಜಿಟಲ್ ಐಕಮತ್ಯ ನಿಧಿ ಬೇಕು ಎಂದರು. ಸರ್ಕಾರಿ ಸಂಸ್ಥೆಗಳಿಗೆ ಕಂಪ್ಯೂಟರ್, ನೆಟ್‌ವರ್ಕ್ ಮಾರುವ ಕಂಪನಿಗಳು ಗುತ್ತಿಗೆಯ 1% ಹಣ ಕೊಡಲಿ, ಅದರಿಂದ ಬಡ ದೇಶಗಳಿಗೆ ಸಂಪರ್ಕ ಕಟ್ಟೋಣ ಎನ್ನುವುದು ಲೆಕ್ಕ. ಶ್ರೀಮಂತ ದೇಶಗಳು ಇದನ್ನು ಕಡ್ಡಾಯ ಮಾಡಲು ಒಪ್ಪಲಿಲ್ಲ. ಇಷ್ಟವಿದ್ದವರು ಕೊಡಲಿ ಎಂದಾಯಿತು. 2005ರ ಮಾರ್ಚ್‌ನಲ್ಲಿ ನಿಧಿ ಶುರುವಾಯಿತು, ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು.

ಕಡ್ಡಾಯ ಇಲ್ಲದ ಕಡೆ ಹಣ ಕೂಡುವುದಿಲ್ಲ ಎನ್ನುವುದಕ್ಕೆ ನಮ್ಮ ದೇಶದ ಅನುಭವವನ್ನೇ ಪಕ್ಕದಲ್ಲಿಟ್ಟು ನೋಡಬಹುದು. ಭಾರತದಲ್ಲಿ ದೂರಸಂಪರ್ಕ ಕಂಪನಿಗಳು ಆದಾಯದ 5% ಭಾಗವನ್ನು ಹಳ್ಳಿಗಳ ಸಂಪರ್ಕಕ್ಕಾಗಿ ಕೊಡಲೇಬೇಕು. ಆ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. ಭಾರತ್‌ನೆಟ್ ಕೇಬಲ್ ಪಂಚಾಯ್ತಿಗಳಿಗೆ ಬಂದದ್ದು ಅದರ ದುಡ್ಡಿನಿಂದ. ದೇಶದ ಒಳಗೆ ಒಪ್ಪುವ ಈ ನ್ಯಾಯ ದೇಶಗಳ ನಡುವೆ ಯಾಕೆ ಇಲ್ಲ? ಅಭಿವೃದ್ಧಿಶೀಲ ರಾಷ್ಟ್ರಗಳ ಒಕ್ಕೂಟವಾದ ಜಿ-77 ಗುಂಪಿನ ದೇಶಗಳು ಈ ಸಲವೂ ಹಣಕಾಸಿನ ವ್ಯವಸ್ಥೆ ಬೇಕೆಂದು ಪಟ್ಟು ಹಿಡಿದಿದ್ದವು. ಹೊಸ ನಿಧಿ ಹುಟ್ಟಲಿಲ್ಲ.

ಬೇಕಾಗಿರುವುದು ಎಷ್ಟು ಎಂಬ ಅಂದಾಜು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುವಿನ 2025ರ ಲೆಕ್ಕದಲ್ಲಿದೆ. ಜಗತ್ತಿನಲ್ಲಿ ಸುಮಾರು 600 ಕೋಟಿ ಜನ ಇಂಟರ್ನೆಟ್ ಬಳಸುತ್ತಾರೆ. 220 ಕೋಟಿ ಜನ ಹೊರಗಿದ್ದಾರೆ. ಶ್ರೀಮಂತ ದೇಶಗಳಲ್ಲಿ 94% ಜನ ಒಳಗೆ, ತೀರಾ ಬಡ ದೇಶಗಳಲ್ಲಿ 23% ಮಾತ್ರ. ಪೇಟೆಯಲ್ಲಿ 85%, ಹಳ್ಳಿಯಲ್ಲಿ 58%.

ನೈರೋಬಿಯ ಒಂದು ಪೆಟ್ಟಿಗೆ

ಈಗ ಆ ಸಂಬಂಧ ಏನು ಎನ್ನುವುದಕ್ಕೆ ಬರೋಣ. 2000ದ ಹೊತ್ತಿಗೆ ಕೆನ್ಯಾದಲ್ಲಿ ಒಂದು ವಿಚಿತ್ರ ಸ್ಥಿತಿ ಇತ್ತು. ನೈರೋಬಿಯ ಒಂದು ಕಂಪನಿಯ ಗ್ರಾಹಕ ಅದೇ ಊರಿನ ಇನ್ನೊಂದು ಕಂಪನಿಯ ಗ್ರಾಹಕನಿಗೆ ಇಮೇಲ್ ಕಳಿಸಿದರೆ, ಅದು ಉಪಗ್ರಹದ ಮೂಲಕ ಬೇರೆ ಖಂಡಕ್ಕೆ ಹೋಗಿ ವಾಪಸ್ ಬರುತ್ತಿತ್ತು. ಪಕ್ಕದ ಮನೆಗೆ ಬರೆದ ಕಾಗದ ಲಂಡನ್ ಸುತ್ತಿ ಬಂದ ಹಾಗೆ. ಹೋಗುವಾಗಲೂ ಬರುವಾಗಲೂ ಬಾಡಿಗೆ, ಅದೂ ಡಾಲರಿನಲ್ಲಿ. ಆ ಖರ್ಚೆಲ್ಲ ಬಡ ಗ್ರಾಹಕನ ಬಿಲ್ಲಿಗೆ ಬೀಳುತ್ತಿತ್ತು.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಎಲ್ಲ ಕಂಪನಿಗಳೂ ತಮ್ಮ ತಂತಿಯನ್ನು ಒಂದೇ ಕೋಣೆಗೆ ತಂದು, ಒಂದು ಸ್ವಿಚ್ಚಿಗೆ ಸೇರಿಸಿದರೆ ಸಾಕು. ಊರಿನ ಮಾತು ಊರಿನಲ್ಲೇ ಮುಗಿಯುತ್ತದೆ. ಇದಕ್ಕೆ ಇಂಟರ್ನೆಟ್ ಎಕ್ಸ್‌ಚೇಂಜ್ ಎನ್ನುತ್ತಾರೆ. ನೈರೋಬಿಯ ಕಂಪನಿಗಳು 2000ದ ನವೆಂಬರಿನಲ್ಲಿ ಅದನ್ನು ಶುರು ಮಾಡಿದವು. ಆದರೆ ಅಲ್ಲಿನ ಸರ್ಕಾರಿ ದೂರವಾಣಿ ಕಂಪನಿ ಇದು ತನ್ನ ಏಕಸ್ವಾಮ್ಯಕ್ಕೆ ಅಡ್ಡ ಎಂದು ದೂರು ಕೊಟ್ಟಿತು. ನಿಯಂತ್ರಣ ಸಂಸ್ಥೆ ಅದನ್ನು ಮುಚ್ಚಿಸಿತು. ಮತ್ತೆ ತೆರೆಯಲು 2002ರ ಫೆಬ್ರವರಿಯವರೆಗೆ ಕಾಯಬೇಕಾಯಿತು.

ತೆರೆದ ಮೇಲೆ ಆದ ವ್ಯತ್ಯಾಸವನ್ನು ಇಂಟರ್ನೆಟ್ ಸೊಸೈಟಿ ಲೆಕ್ಕ ಹಾಕಿದೆ. ಊರೊಳಗಿನ ಒಂದು ಸಂದೇಶಕ್ಕೆ ಮೊದಲು 200ರಿಂದ 600 ಮಿಲಿಸೆಕೆಂಡ್ ಬೇಕಿತ್ತು. ಅದು 2ರಿಂದ 10ಕ್ಕೆ ಇಳಿಯಿತು. 2009ರಲ್ಲಿ ಸಮುದ್ರದಡಿಯ ಕೇಬಲ್‌ಗಳು ಕೆನ್ಯಾದ ಕರಾವಳಿಗೆ ಬಂದವು. ಎಕ್ಸ್‌ಚೇಂಜ್ ಇತ್ತು ಅಂತಲೇ ದೊಡ್ಡ ಕಂಪನಿಗಳು ಜನ ಹೆಚ್ಚು ನೋಡುವ ವಿಡಿಯೋಗಳ ಪ್ರತಿಯನ್ನು ಅಲ್ಲೇ ಇಟ್ಟವು. 2012ರಲ್ಲಿ 30% ಟ್ರಾಫಿಕ್ ಮಾತ್ರ ದೇಶದೊಳಗೆ ಸಿಗುತ್ತಿತ್ತು, 2020ರ ಹೊತ್ತಿಗೆ ಅದು 70% ಆಯಿತು.

ಕಂದಕ ಅಂದರೆ ಬರೀ ಟವರ್ ಇಲ್ಲದಿರುವುದು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಕಂದಕ ತೋಡಿದ್ದು ಒಂದು ನಿಯಮ. ಅದನ್ನು ಒಂದಷ್ಟು ಮುಚ್ಚಿದ್ದೂ ನಿಯಮ ಸಡಿಲಿಸಿದ ಒಂದು ಆದೇಶ. ಇಂಥ ಎಕ್ಸ್‌ಚೇಂಜ್ ಕಟ್ಟುವುದು ಹೇಗೆ, ನಿಯಂತ್ರಕರನ್ನು ಒಪ್ಪಿಸುವುದು ಹೇಗೆ ಎನ್ನುವುದು ಒಂದು ದೇಶದಿಂದ ಇನ್ನೊಂದಕ್ಕೆ ಹರಡಿದ ಜಾಗಗಳಲ್ಲಿ ಐಜಿಎಫ್ ಕೂಡ ಒಂದು. ಮಾತಿನ ಪ್ರಯೋಜನ ಎಂದದ್ದು ಇದನ್ನೇ. ಭಾರತ 2003ರಲ್ಲಿ ನಿಕ್ಸಿ ಹೆಸರಿನಲ್ಲಿ ಇದೇ ವ್ಯವಸ್ಥೆ ಮಾಡಿಕೊಂಡಿತು.

ಟವರ್ ಇದ್ದರೂ ಹೊರಗೆ

ಇವತ್ತು ಹೊರಗಿರುವವರಲ್ಲಿ ಬಹಳಷ್ಟು ಜನ ಮೊಬೈಲ್ ಸಿಗ್ನಲ್ ಸಿಗುವ ಜಾಗದಲ್ಲೇ ಇದ್ದಾರೆ. ಫೋನಿಗೆ ದುಡ್ಡಿಲ್ಲ, ಓದಲು ಬರುವುದಿಲ್ಲ, ಮನೆಯಲ್ಲಿ ಇರುವ ಒಂದು ಫೋನ್ ಗಂಡಸರ ಜೇಬಿನಲ್ಲಿರುತ್ತದೆ, ಅಥವಾ ತಮ್ಮ ಭಾಷೆಯಲ್ಲಿ ಬೇಕಾದದ್ದು ಸಿಗುವುದಿಲ್ಲ. ಟವರ್ ನಿಲ್ಲಿಸುವುದರಿಂದ ಇದು ಸರಿಹೋಗುವುದಿಲ್ಲ. ಸಿಗ್ನಲ್ಲೇ ಇಲ್ಲದ ಜಾಗಗಳೂ ಉಳಿದಿವೆ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕೂತದ್ದನ್ನು ಕರ್ನಾಟಕ ನೋಡಿದೆ.

ಸರ್ಕಾರದ ಕೆಲಸಗಳೆಲ್ಲ ಫೋನಿಗೆ ಬಂದ ಮೇಲೆ ಹೊರಗಿರುವುದು ಬರೀ ಅನಾನುಕೂಲ ಅಲ್ಲ, ಹಕ್ಕಿನ ಪ್ರಶ್ನೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಇ-ಕೆವೈಸಿ ಮಾಡಿಸಲು ಆಗುತ್ತಿರಲಿಲ್ಲ. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿ, ನಿಯಮ ಬದಲಿಸಲು ಸೂಚಿಸಿತು.

ಕನ್ನಡದ ಅಕ್ಷರ ಆ ಪಟ್ಟಿಗೆ ಸೇರಿದ ದಾರಿ

ರೂಟ್ ಪಟ್ಟಿ ದೂರದ ವಿಷಯ ಅನ್ನಿಸಿದರೆ ಕನ್ನಡದ ಕಡೆ ನೋಡಬಹುದು. ಬಹಳ ವರ್ಷ ಆ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರು ಮಾತ್ರ ಇದ್ದವು. 2010ರಲ್ಲಿ ಅರೇಬಿಕ್ ಮತ್ತು ರಷ್ಯನ್ ಲಿಪಿಯ ಹೆಸರುಗಳು ಮೊದಲು ಸೇರಿದವು. ಭಾರತಕ್ಕೆ ಮೊದಲ ಕಂತಿನಲ್ಲಿ ಏಳು ಸಿಕ್ಕವು: ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು, ಉರ್ದು. ಕನ್ನಡ ಅದರಲ್ಲಿ ಇರಲಿಲ್ಲ. ‘.ಭಾರತ’ ಕನ್ನಡ ಲಿಪಿಯಲ್ಲಿ ಬಂದದ್ದು ಆಮೇಲೆ.

ಹೆಸರು ಸೇರಿಸುವುದು ಅಂದರೆ ಅಕ್ಷರ ಟೈಪ್ ಮಾಡಿದಷ್ಟು ಸುಲಭ ಅಲ್ಲ. ಕನ್ನಡದ ಗ, ರ, ದ ಅಕ್ಷರಗಳೂ ತೆಲುಗಿನ ಅದೇ ಅಕ್ಷರಗಳೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ. ಯಾರಾದರೂ ಒಂದು ಬ್ಯಾಂಕಿನ ಕನ್ನಡ ಹೆಸರನ್ನು ತೆಲುಗು ಅಕ್ಷರ ಬಳಸಿ ನೋಂದಾಯಿಸಿದರೆ, ನೋಡುವವರಿಗೆ ಮೋಸ ಗೊತ್ತಾಗುವುದಿಲ್ಲ. ಅದಕ್ಕಾಗಿ ಬ್ರಾಹ್ಮಿಯಿಂದ ಬಂದ ಲಿಪಿಗಳ ತಜ್ಞರ ತಂಡವೊಂದು ಐಕ್ಯಾನ್‌ಗಾಗಿ ಕೂತು, ಯಾವ ಕನ್ನಡ ಅಕ್ಷರಕ್ಕೆ ಯಾವ ತೆಲುಗು ಅಕ್ಷರ ಜೋಡಿ ಎಂದು ಪಟ್ಟಿ ಮಾಡಿತು. ಜೋಡಿಯಲ್ಲಿ ಒಂದು ಹೆಸರು ಒಬ್ಬರಿಗೆ ಹೋದರೆ ಇನ್ನೊಂದು ಬೇರೆಯವರಿಗೆ ಹೋಗದಂತೆ ತಡೆಯಲು ಈ ಪಟ್ಟಿ ಬೇಕು. ಕನ್ನಡ ಬಲ್ಲವರು ಆ ಕೋಣೆಯಲ್ಲಿ ಇರಲೇಬೇಕಿತ್ತು. ಸರ್ಕಾರಗಳಷ್ಟೇ ಕೂತು ಇಂಥ ಕೆಲಸ ಮಾಡಲು ಆಗುವುದಿಲ್ಲ.

ಇಷ್ಟಾದರೂ ಕೆಲಸ ಅರ್ಧಕ್ಕೇ ನಿಂತಿದೆ. ಕನ್ನಡದಲ್ಲಿ ಹೆಸರು ಪಡೆಯಬಹುದು. ಆದರೆ ಕನ್ನಡದ ಇಮೇಲ್ ವಿಳಾಸವನ್ನು ಎಷ್ಟೋ ಜಾಲತಾಣಗಳ ಫಾರಂಗಳು ‘ತಪ್ಪು’ ಎಂದು ವಾಪಸ್ ಕಳಿಸುತ್ತವೆ. ಆ ಸಾಫ್ಟ್‌ವೇರ್ ಬರೆದವರು ಇಂಗ್ಲಿಷ್ ಅಕ್ಷರವಷ್ಟೇ ಬರುತ್ತದೆ ಅಂದುಕೊಂಡಿದ್ದಾರೆ. ಸಾಫ್ಟ್‌ವೇರಿಗೆ ಹೆಸರಾದ ಬೆಂಗಳೂರಿನಲ್ಲೇ ಇದನ್ನು ಸರಿಪಡಿಸಲು ಸಾಧ್ಯವಿದೆ. ಇದಕ್ಕೆ ನ್ಯೂಯಾರ್ಕಿನ ಒಪ್ಪಿಗೆ ಬೇಕಿಲ್ಲ.

ಮುಂದೆ ನೋಡಬೇಕಾದದ್ದು

ಮೊದಲನೆಯದು ಮಾತು ಮತ್ತು ನಡೆ. 2024ರ ಸೆಪ್ಟೆಂಬರಿನಲ್ಲಿ ಒಪ್ಪಿದ ಜಾಗತಿಕ ಡಿಜಿಟಲ್ ಒಡಂಬಡಿಕೆಯಲ್ಲಿ ಇಂಟರ್ನೆಟ್ ಸ್ಥಗಿತ ಮಾಡುವುದಿಲ್ಲ ಎಂದು ದೇಶಗಳು ಬರೆದುಕೊಟ್ಟಿವೆ. ಅದೇ ವರ್ಷ ಭಾರತದಲ್ಲಿ 84 ಸಲ ಇಂಟರ್ನೆಟ್ ಕಡಿತವಾಯಿತು ಎಂದು ಆಕ್ಸೆಸ್ ನೌ ಸಂಸ್ಥೆ ಲೆಕ್ಕ ಹಾಕಿದೆ. ಒಡಂಬಡಿಕೆ ಮುರಿದರೆ ಶಿಕ್ಷೆ ಏನೂ ಇಲ್ಲ. ಪರೀಕ್ಷೆ, ಗಲಭೆ ಎಂದು ಇಂಟರ್ನೆಟ್ ನಿಲ್ಲಿಸಿದಾಗ ಯುಪಿಐ ನಂಬಿದ ಗಾಡಿ ವ್ಯಾಪಾರಿಗೆ ಆ ದಿನದ ಸಂಪಾದನೆ ಹೋಗುತ್ತದೆ.

ಎರಡನೆಯದು ಆಫ್ರಿಕಾದ ನೋಂದಣಿ ಸಂಸ್ಥೆಯ ಸ್ಥಿತಿ. ಆ ಖಂಡಕ್ಕೆ ಇಂಟರ್ನೆಟ್ ಸಂಖ್ಯೆಗಳನ್ನು ಹಂಚುವ ಆಫ್ರಿನಿಕ್ ಮಾರಿಷಸ್‌ನಲ್ಲಿದೆ. ಕೋರ್ಟು ವ್ಯಾಜ್ಯಗಳಲ್ಲಿ ಸಿಕ್ಕಿ 2023ರಲ್ಲಿ ಅದು ಕೋರ್ಟು ನೇಮಿಸಿದ ಅಧಿಕಾರಿಯ ಕೈಗೆ ಹೋಯಿತು. ಎಲ್ಲರೂ ಸೇರಿ ನಡೆಸುವ ಸಂಸ್ಥೆ ಎಡವಿದರೆ ಸರ್ಕಾರಗಳೇ ನಡೆಸಲಿ ಎನ್ನುವವರ ವಾದಕ್ಕೆ ಬಲ ಬರುತ್ತದೆ.

ಮೂರನೆಯದು ಹೊಸ ಹೆಸರುಗಳು. 2012ರಲ್ಲಿ ಐಕ್ಯಾನ್ ‘ಡಾಟ್ ಕಾಮ್’ನಂಥ ಹೊಸ ಡೊಮೇನ್‌ಗಳಿಗೆ ಅರ್ಜಿ ಕರೆದಾಗ ಒಂದು ಅರ್ಜಿಗೆ 1,85,000 ಡಾಲರ್ ಶುಲ್ಕ ಇತ್ತು. 1,930 ಅರ್ಜಿ ಬಂದವು. ಅದರಲ್ಲಿ ಇಡೀ ಆಫ್ರಿಕಾ ಖಂಡದ್ದು 17. ಮುಂದಿನ ಸುತ್ತಿನ ಅರ್ಜಿಗೆ 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗೆ ಸಮಯ. ಶುಲ್ಕ 2,27,000 ಡಾಲರ್. ಈ ಸಲ ದುಡ್ಡಿಲ್ಲದ ಅರ್ಜಿದಾರರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯ್ತಿ ಇದೆ. ಆ ರಿಯಾಯ್ತಿ ನಿಜವಾಗಿ ಯಾರಿಗೆ ತಲುಪಿತು ಎಂದು ತಿಳಿಯಬೇಕಾದರೆ, ಅರ್ಜಿಗಳ ಪಟ್ಟಿ ಹೊರಬಂದ ದಿನ ಅದನ್ನು ಆ 17ರ ಪಕ್ಕದಲ್ಲಿಟ್ಟು ನೋಡಬೇಕು.